ದ್ವೀಪಕ್ಕೆ ಹೋದವರು ಕಡಲಲ್ಲಿ ಏನು ನೋಡುತ್ತಾರೆ?

ಕಾಡಿನ ಪ್ರಾಣಿಗಳನ್ನು ನೋಡುವುದು ಹೇಗೆಂದು ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಬಿನಿ ದಂಡೆಯಲ್ಲಿ ಆನೆ ಹಿಂಡಿಗಾಗಿ ಕಾಯುವುದು, ಜಿಂಕೆಯ ಎಚ್ಚರಿಕೆಯ ಕೂಗು ಕೇಳಿದರೆ ಜೀಪು ನಿಲ್ಲಿಸಿ ಕಿವಿಗೊಡುವುದು, ಹುಲಿ ಕಾಣದೆ ವಾಪಸಾದರೂ ಹೋದದ್ದು ದಂಡವಾಗಲಿಲ್ಲ ಎಂದುಕೊಳ್ಳುವುದು ಈ ಊರಿನ ಎಷ್ಟೋ ಮನೆಗಳಲ್ಲಿ ತಲೆಮಾರಿನಿಂದ ಬಂದ ರೂಢಿ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ವಾಯುವಿಹಾರಕ್ಕೆ ಬಂದವರು ಕೂಡ ಹೆಜ್ಜಾರ್ಲೆ ಇಳಿದರೆ ಒಂದು ಕ್ಷಣ ನಿಲ್ಲುತ್ತಾರೆ. ಅದೇ ಜನ ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೊರಟಾಗ ಈ ರೂಢಿಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಅಲ್ಲಿ ಇಪ್ಪತ್ತು ನಿಮಿಷದ ಸ್ನಾರ್ಕೆಲಿಂಗ್, ಗಾಜಿನ ತಳದ ದೋಣಿಯಲ್ಲಿ ಒಂದು ಸುತ್ತು, ನೀರೊಳಗೆ ತೆಗೆಸಿಕೊಂಡ ಒಂದು ಫೋಟೊ. ಅಷ್ಟಕ್ಕೆ ಕಡಲು ಮುಗಿಯುತ್ತದೆ. ಏನು ಕಂಡಿರಿ ಎಂದು ಕೇಳಿದರೆ, ಬಣ್ಣಬಣ್ಣದ ಮೀನು ಎನ್ನುತ್ತಾರೆ. ನಾಗರಹೊಳೆಗೆ ಹೋಗಿ ಬಂದವರು ಕಂದುಬಣ್ಣದ ಪ್ರಾಣಿ ಕಂಡೆವು ಎಂದು ಎಂದೂ ಹೇಳುವುದಿಲ್ಲ.

ಈ ವ್ಯತ್ಯಾಸವೇ ನನ್ನನ್ನು ಬಹಳ ಕಾಲದಿಂದ ಕಾಡಿದೆ. ದ್ವೀಪಕ್ಕೆ ರಜೆಯಲ್ಲಿ ಹೋದವರು ಕಡಲ ಜೀವಿಗಳನ್ನು ಎಲ್ಲಿ, ಯಾವ ಕಾಲದಲ್ಲಿ, ಹೇಗೆ ನೋಡಬಹುದು? ಕಂಡದ್ದನ್ನು ಏನೆಂದು ತಿಳಿಯಬೇಕು? ನಾವು ಹೀಗೆ ನೋಡಹೋಗುವುದರಿಂದ ಆ ಜೀವಿಗಳಿಗೆ ಏನಾಗುತ್ತದೆ? ಈ ಮೂರೂ ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡುವುದು ಈ ಬರಹದ ಕೆಲಸ.

ಕಡಲಿಲ್ಲದ ಮೈಸೂರಿಗೂ ದ್ವೀಪಗಳಿಗೂ ಏನು ಸಂಬಂಧ ಎಂದು ಕೇಳುವವರಿಗೆ ಇತಿಹಾಸ ಒಂದು ಉತ್ತರ ಕೊಡುತ್ತದೆ. ಲಕ್ಷದ್ವೀಪದ ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಬಂದವು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಅಮಿನಿಯ ಜನ ಮಂಗಳೂರಿಗೆ ಬಂದು ಟಿಪ್ಪುವಿನ ಮೊರೆಹೊಕ್ಕಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ದ್ವೀಪಗಳು ಇಂಗ್ಲಿಷರ ಕೈಸೇರಿದವು. ಮುಂದೆ 1956ರವರೆಗೂ ಅವುಗಳ ಆಡಳಿತ ನಡೆದದ್ದು ಮಂಗಳೂರಿನಿಂದ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಇಟ್ಟಿಗೆ, ಜಲ್ಲಿ ಹೇರಿಕೊಂಡ ಹಡಗುಗಳು ಆ ದ್ವೀಪಗಳಿಗೆ ಹೋಗುತ್ತವೆ.

ಎರಡನೆಯ ಉತ್ತರ ಈ ಕಾಲದ್ದು. ಭಾರತದ ಹವಳದ ದಿಬ್ಬಗಳ ಬಗ್ಗೆ, ಕಡಲಾಮೆಗಳ ಮೇವಿನ ಬಗ್ಗೆ, ಅಂಡಮಾನಿನ ಡ್ಯೂಗಾಂಗ್ ಎಂಬ ಕಡಲ ಸಸ್ತನಿಯ ಬಗ್ಗೆ ನಮಗೆ ಇಂದು ಗೊತ್ತಿರುವ ಬಹಳಷ್ಟು ಸಂಗತಿಗಳು ಮೈಸೂರಿನಲ್ಲಿ ಕಚೇರಿ ಇರುವ ಒಂದು ಸಂಸ್ಥೆಯಿಂದ ಬಂದಿವೆ. 1996ರಲ್ಲಿ ಶುರುವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಹಿಮಚಿರತೆ, ಮಂಗಟ್ಟೆ ಹಕ್ಕಿಗಳ ಅಧ್ಯಯನಕ್ಕೆ ಹೆಸರಾದದ್ದು. ಅದರ ಕಡಲು ವಿಭಾಗದ ರೋಹನ್ ಆರ್ಥರ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಿಂದ ಲಕ್ಷದ್ವೀಪದ ನೀರಿಗೆ ಇಳಿಯುತ್ತಲೇ ಇದ್ದಾರೆ. ಕಡಲಿಲ್ಲದ ಊರಿನಲ್ಲಿ ಕುಳಿತು ಕಡಲನ್ನು ಇಷ್ಟು ದೀರ್ಘ ಕಾಲ ಗಮನಿಸಿದವರು ನಮ್ಮ ನಡುವೆ ಇದ್ದಾರೆ ಎಂಬುದು ಮೈಸೂರಿನ ಎಷ್ಟೋ ಜನಕ್ಕೆ ತಿಳಿದೇ ಇಲ್ಲ. ಸಾಹಿತ್ಯದ ಕಡೆಯಿಂದ ನೋಡಿದರೆ, ಇಲ್ಲಿನ ಮಹಾರಾಜ ಕಾಲೇಜಿನಲ್ಲಿ ಓದಿದ ಪೂರ್ಣಚಂದ್ರ ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಕನ್ನಡದ ಓದುಗರಿಗೆ ಆ ದ್ವೀಪಗಳನ್ನು ಪ್ರವಾಸಿ ತಾಣವಾಗುವ ಮೊದಲೇ ತೋರಿಸಿತ್ತು.

ಹತ್ತಿರದಿಂದಲೇ ಶುರು ಮಾಡೋಣ. ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಗುಡ್ಡ ಅರಬ್ಬಿ ಸಮುದ್ರದಿಂದ ಎದ್ದು ನಿಂತಿದೆ. ಮೈಸೂರಿನ ಮೇಲೆ ಹಾದು ಮುರುಡೇಶ್ವರಕ್ಕೆ ಹೋಗುವ ರೈಲೂ ಇದೆ. ಗುಡ್ಡಕ್ಕೆ ಕಡಿದಾದ ಬಂಡೆಯ ಗೋಡೆ, ಮೇಲೆ ದಟ್ಟ ಕಾಡು. ಬಿಳಿಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ಕರಾವಳಿಯ ಮೀನುಗಾರರು ಹಿಂದೂ ಮುಸ್ಲಿಂ ಎನ್ನದೆ ಹರಕೆ ಒಪ್ಪಿಸಲು ಬರುವ ಜಾಗ ಇದು. ಇದೇ ಗುಡ್ಡವನ್ನು ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದೂ ಉಂಟು. ಪುನೀತ್ ರಾಜ್‌ಕುಮಾರ್ ಅವರ ಕೊನೆಯ ಚಿತ್ರ ‘ಗಂಧದ ಗುಡಿ’ 2022ರಲ್ಲಿ ತೆರೆಕಂಡ ಮೇಲೆ ಇದರ ಹೆಸರು ನಾಡಿನ ಮೂಲೆಮೂಲೆಗೂ ತಲುಪಿತು.

ನೇತ್ರಾಣಿಗೆ ಹೋದ ಪ್ರವಾಸಿಗರು ದ್ವೀಪದ ಮೇಲೆ ಇಳಿಯುವುದಿಲ್ಲ, ಅದರ ಬುಡದ ನೀರಿಗೆ ಇಳಿಯುತ್ತಾರೆ. ಬಂಡೆಯ ಸಂದುಗಳಲ್ಲಿ ಹಾವುಮೀನಿನ ಜಾತಿಯ ಮೊರೇ ಬಾಯಿ ತೆರೆದು ಮುಚ್ಚುತ್ತಿರುತ್ತದೆ. ಅದು ಹೆದರಿಸುತ್ತಿಲ್ಲ, ಉಸಿರಾಡುತ್ತಿದೆ. ಗಿಳಿಮೀನು, ಚಿಟ್ಟೆಮೀನು, ಟ್ರಿಗರ್ ಮೀನು, ಒಮ್ಮೊಮ್ಮೆ ಬರಾಕುಡಾಗಳ ದೊಡ್ಡ ಹಿಂಡು ಎದುರಾಗುತ್ತವೆ. ಹವಳ ಅಲ್ಲಲ್ಲಿ ತೇಪೆಯಾಗಿದೆ. ಅಂಡಮಾನಿನಂತಹ ಹವಳದ ತೋಟವನ್ನು ಎಣಿಸಿ ಹೋದವರಿಗೆ ನಿರಾಸೆಯಾಗುತ್ತದೆ. ಅಕ್ಟೋಬರಿನಿಂದ ಮೇ ನಡುವೆ ಮಾತ್ರ ದೋಣಿಗಳು ಹೊರಡುತ್ತವೆ, ಅದರಲ್ಲೂ ಡಿಸೆಂಬರ್‌ನಿಂದ ಫೆಬ್ರವರಿ ತನಕ ನೀರು ತಿಳಿ. ನೀರು ಎಷ್ಟು ತಿಳಿ ಎಂಬುದು ಗಾಳಿ, ಪ್ರವಾಹ, ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳ ಮೇಲೆ ನಿಂತಿರುವುದರಿಂದ ಇವತ್ತು ಕಂಡದ್ದು ನಾಳೆ ಕಾಣುತ್ತದೆಂಬ ಖಾತ್ರಿಯಿಲ್ಲ. ಒಂದೇ ಬೆಳಗಿಗೆ ಎಲ್ಲ ಲೆಕ್ಕ ಹಾಕಿಕೊಳ್ಳುವ ಬದಲು ಎರಡು ದಿನ ಇಟ್ಟುಕೊಂಡು ಹೋಗುವುದು ಒಳ್ಳೆಯದು.

ಎರಡು ದಿನಕ್ಕೆ ಇನ್ನೊಂದು ಕಾರಣವೂ ಇದೆ, ಮೈಸೂರಿನವರಂತೂ ಇದನ್ನು ತಪ್ಪದೆ ತಿಳಿದಿರಬೇಕು. ಸ್ಕೂಬಾ ಉಸಿರಾಟದಲ್ಲಿ ಒತ್ತಡದ ಕೆಳಗೆ ರಕ್ತಕ್ಕೂ ಅಂಗಾಂಶಕ್ಕೂ ಸೇರಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಏರಿದರೆ ಅದು ದೇಹದೊಳಗೇ ಗುಳ್ಳೆಯಾಗಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ತೊಂದರೆ ಕೊಡಬಹುದು. ಆದ್ದರಿಂದಲೇ ಒಂದು ಸಲ ಮುಳುಗಿದ ಮೇಲೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ವಿಮಾನ ಹತ್ತಬಾರದು ಎನ್ನುತ್ತಾರೆ. ಈ ಎಚ್ಚರಿಕೆ 2,000 ಅಡಿಯಿಂದ ಮೇಲಿನ ಎತ್ತರಕ್ಕೆಲ್ಲ ಅನ್ವಯಿಸುತ್ತದೆ. ಮೈಸೂರು ಇರುವುದು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲೆ. ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿ ಸಂಜೆಯೇ ಕಾರು ಹತ್ತಿ ಘಟ್ಟ ಏರುವವರು ವಿಮಾನ ಹತ್ತಿದವರಷ್ಟೇ ಜಾಗರೂಕರಾಗಿರಬೇಕು. ಆ ರಾತ್ರಿ ಕರಾವಳಿಯಲ್ಲೇ ಉಳಿಯಿರಿ.

ನೀರಿಗೆ ಇಳಿಯದವರಿಗೆ ಡಾಲ್ಫಿನ್ ಇದೆ. ಕಾರವಾರದ ಕಾಳಿ ನದಿಯ ಅಳಿವೆ, ದೇವಬಾಗ, ಕೂರ್ಮಗಡ ದ್ವೀಪದ ಸುತ್ತಲಿನ ನೀರು, ಗೋಕರ್ಣದ ಕಡಲು. ಇಲ್ಲೆಲ್ಲ ಬೆನ್ನಿನ ಮೇಲೆ ಗೂನಿರುವ ಹಂಪ್‌ಬ್ಯಾಕ್ ಡಾಲ್ಫಿನ್‌ಗಳು ತೀರಕ್ಕೆ ಹತ್ತಿರವೇ ಬದುಕುತ್ತವೆ. ಆಳ ಕಡಿಮೆ ಇರುವ ನೀರೇ ಅವುಗಳ ನೆಲೆ, ಅದೇ ಅವುಗಳ ದುರದೃಷ್ಟ. ಬಲೆ, ಬಂದರು, ನದಿಯ ಕೊಳೆ, ಪ್ರವಾಸಿ ದೋಣಿ ಎಲ್ಲವೂ ಅದೇ ಪಟ್ಟಿಯಲ್ಲಿ ಒಟ್ಟಾಗುತ್ತವೆ. ಜಾಗತಿಕ ಕೆಂಪು ಪಟ್ಟಿಯಲ್ಲಿ ಈ ಜಾತಿ ಅಳಿವಿನಂಚಿನಲ್ಲಿದೆ. ಸಿನಿಮಾದಲ್ಲಿ ಕಂಡ ಹಾಗೆ ಇವು ಗಾಳಿಗೆ ಚಿಮ್ಮುವುದು ಅಪರೂಪ. ಬೂದು ಬೆನ್ನು ಮೇಲೆದ್ದು ಉಸಿರುಬಿಟ್ಟು ಜಾರುತ್ತದೆ, ಮತ್ತೆ ಎಲ್ಲಿ ಏಳುತ್ತದೆಂದು ಕಾಯಬೇಕು. ಕಾಯಲಾಗದ ಪ್ರವಾಸಿಗರು ದೋಣಿಯವನಿಗೆ ಹತ್ತಿರ ಹೋಗು ಎನ್ನುತ್ತಾರೆ. ಆತ ಇಂಜಿನ್ ಏರಿಸಿ ಹಿಂಡಿನ ನಡುವೆ ನುಗ್ಗುತ್ತಾನೆ, ತಾಯಿಯೂ ಮರಿಯೂ ಬೇರೆ ಬೇರೆ ದಿಕ್ಕಿಗೆ ಮುಳುಗುತ್ತವೆ. ಡಾಲ್ಫಿನ್‌ಗೆ ಕನಿಷ್ಠ 50 ಮೀಟರ್, ತಿಮಿಂಗಿಲಕ್ಕೆ 100 ಮೀಟರ್ ಅಂತರ ಇಡಬೇಕೆಂದು ಹಲವು ದೇಶಗಳ ನಿಯಮಗಳು ಹೇಳುತ್ತವೆ. ಕಾಡಾನೆಗೆ ಅಂತರ ಬಿಡಲು ಗೊತ್ತಿರುವ ಜನ ಕಡಲಲ್ಲಿ ಅದನ್ನೇಕೆ ಮರೆಯಬೇಕು? ದೋಣಿ ಗೊತ್ತುಮಾಡುವಾಗಲೇ ‘ಇಂಜಿನ್ ನಿಲ್ಲಿಸಿ ಕಾಯುವುದಾದರೆ ಬರುತ್ತೇವೆ’ ಎಂದು ಹೇಳುವುದು ನಮ್ಮ ಕೈಯಲ್ಲಿದೆ. ದೋಣಿಯವರು ಹೆಚ್ಚಿನವರು ಮೀನುಗಾರರೇ. ಡಾಲ್ಫಿನ್ ಎಲ್ಲಿ ಏಳುತ್ತದೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಬೆನ್ನಟ್ಟುವ ಅಗತ್ಯ ಅವರಿಗಿಲ್ಲ.

ಇನ್ನು ಲಕ್ಷದ್ವೀಪ. 36 ದ್ವೀಪಗಳು, ಜನವಸತಿ ಇರುವುದು ಹತ್ತರಲ್ಲಿ. ಎಲ್ಲ ಸೇರಿ ನೆಲ 32 ಚದರ ಕಿಲೋಮೀಟರ್. ಹೊರಗಿನವರು ಹೋಗಲು ಪರವಾನಗಿ ಬೇಕು. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿ ಬಂದ ಮೇಲೆ ಇದು ದೇಶದ ಬಾಯಲ್ಲಿ ನಲಿದಾಡಿತು. ಮಾಲ್ಡೀವ್ಸ್ ಬದಲು ಇಲ್ಲಿಗೇ ಹೋಗಿ ಎಂಬ ಮಾತು ಹಬ್ಬಿತು. ಮಾತು ಹಬ್ಬಿಸಿದವರು ನೀರಿನ ಕೆಳಗೆ ನಡೆದಿರುವುದನ್ನು ಹೇಳಲಿಲ್ಲ.

ನಡೆದದ್ದು ಇಷ್ಟು. ಹವಳ ಎಂಬುದು ಕಲ್ಲಿನ ಮನೆ ಕಟ್ಟಿಕೊಂಡ ಪುಟ್ಟ ಪ್ರಾಣಿಗಳ ವಸಾಹತು. ಅವುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅವುಗಳಿಗೆ ಕೊಡುತ್ತದೆ, ಬಣ್ಣವೂ ಬಹುಪಾಲು ಅದರದ್ದೇ. ನೀರಿನ ಬಿಸಿ ಬೇಸಿಗೆಯ ಮಾಮೂಲು ಮಟ್ಟಕ್ಕಿಂತ ಒಂದು ಡಿಗ್ರಿಯಷ್ಟು ಮೇಲೇರಿ ಕೆಲವು ವಾರ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿದರೆ ಬದುಕೀತು, ಇಲ್ಲವಾದರೆ ಹಸಿದು ಸಾಯುತ್ತದೆ. 1998, 2010, 2016. ಈ ಮೂರು ವರ್ಷಗಳ ಬಿಸಿ ಲಕ್ಷದ್ವೀಪದ ದಿಬ್ಬಗಳನ್ನು ಮೂರು ಸಲ ಸುಟ್ಟಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 1998ರಿಂದ ಇಟ್ಟುಕೊಂಡು ಬಂದ ಲೆಕ್ಕದ ಪ್ರಕಾರ ಜೀವಂತ ಹವಳದ ಹರವು ಶೇಕಡ 37ರಿಂದ ಶೇಕಡ 19ರ ಆಸುಪಾಸಿಗೆ ಕುಸಿದಿದೆ. ಅಂದರೆ ಕಾಲು ಶತಮಾನದೊಳಗೆ ಅರ್ಧ ಹೋಯಿತು. 2023ರಿಂದ ಜಗತ್ತಿನ ಕಡಲುಗಳಲ್ಲಿ ಮತ್ತೊಂದು ದೊಡ್ಡ ಬೆಳ್ಳಗಾಗುವಿಕೆ ನಡೆದು, ಅದನ್ನು 2024ರ ಏಪ್ರಿಲ್‌ನಲ್ಲಿ ನಾಲ್ಕನೆಯ ಜಾಗತಿಕ ಘಟನೆ ಎಂದು ಸಾರಲಾಯಿತು.

ಪ್ರವಾಸಿಗನ ಕಣ್ಣಿಗೆ ಇದು ಕಾಣುವುದೇ ಇಲ್ಲ, ಏಕೆಂದರೆ ಅವನು ಹಿಂದಿನದನ್ನು ಕಂಡಿಲ್ಲ. ಸತ್ತ ಹವಳದ ಮೇಲೆ ಪಾಚಿ ಬೆಳೆದು, ಆ ಪಾಚಿ ತಿನ್ನುವ ಗಿಳಿಮೀನು ಗುಂಪುಗೂಡಿದಾಗ ಅವನಿಗೆ ಕಡಲು ತುಂಬಿ ತುಳುಕುತ್ತಿರುವಂತೆ ತೋರುತ್ತದೆ. ಗಿಳಿಮೀನು ನಿಜಕ್ಕೂ ನೋಡತಕ್ಕ ಜೀವಿ. ಕಿವಿಗೊಟ್ಟರೆ ಅದು ಹವಳದ ಕಲ್ಲನ್ನು ಕಡಿಯುವ ಸದ್ದು ನೀರೊಳಗೆ ಸ್ಪಷ್ಟವಾಗಿ ಕೇಳುತ್ತದೆ. ಕಡಿದ ಕಲ್ಲು ಅದರ ಹೊಟ್ಟೆಯಲ್ಲಿ ನುಣ್ಣಗಾಗಿ ಬಿಳಿ ಮರಳಾಗಿ ಬೀಳುತ್ತದೆ. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ನಾವು ಬರಿಗಾಲಲ್ಲಿ ನಡೆದು ಮೆಚ್ಚುವ ಆ ದ್ವೀಪಗಳ ಬಿಳಿ ದಂಡೆಯಲ್ಲಿ ಈ ಮೀನುಗಳ ಪಾಲು ದೊಡ್ಡದು.

ಕಣ್ಣು ಮೋಸಹೋಗುವ ಇನ್ನೂ ದೊಡ್ಡ ಕತೆ ಅಗತ್ತಿಯ ಆಮೆಗಳದು. ಅಗತ್ತಿಯ ಲಗೂನಿನಲ್ಲಿ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿನಲ್ಲಿ, ಹಸಿರು ಕಡಲಾಮೆಗಳು ಒಂದು ಕಾಲಕ್ಕೆ ಎಷ್ಟೊಂದು ಸೇರಿದ್ದವೆಂದರೆ ದೋಣಿಯಿಂದ ಬಗ್ಗಿದರೆ ಸಾಕು, ಕಾಣುತ್ತಿದ್ದವು. ಇದನ್ನು ಕಂಡ ಯಾರಿಗಾದರೂ ಸಂರಕ್ಷಣೆ ಗೆದ್ದಿತು ಎನಿಸಬೇಕು. ಒಂದು ಅರ್ಥದಲ್ಲಿ ಗೆದ್ದಿತ್ತು ಕೂಡ. ಆದರೆ ಆಮೆಗಳು ಮೇಯುತ್ತಿದ್ದ ಕಡಲಹುಲ್ಲಿನ ಬಯಲು ಮೊದಲು ಕುಳ್ಳಾಯಿತು, ಆಮೇಲೆ ತೆಳುವಾಯಿತು, ಕೊನೆಗೆ ಬರೀ ಮರಳು ಉಳಿಯಿತು. ಆ ಹುಲ್ಲಿನ ನಡುವೆ ಬೆಳೆಯುತ್ತಿದ್ದ ಮೀನುಮರಿಗಳೂ ಕಡಿಮೆಯಾದವು. ಮೀನು ಹೋಗಿದ್ದು ಆಮೆಗಳಿಂದ ಎಂದು ಮೀನುಗಾರರು ದೂರಿದಾಗ ಹೊರಗಿನವರು ನಂಬಲಿಲ್ಲ. ಅಪರ್ಣಾ ಲಾಲ್, ನಚಿಕೇತ್ ಕೇಳ್ಕರ್, ಮಯೂರೇಶ್ ಗಂಗಲ್ ಮೊದಲಾದ ಸಂಶೋಧಕರ ಅಳತೆಗಳು ಮೀನುಗಾರರ ಮಾತಿಗೆ ಪುರಾವೆ ಕೊಟ್ಟವು. ಒಂದು ಲಗೂನು ಬರಿದಾದ ಮೇಲೆ ಆಮೆಗಳು ಮುಂದಿನ ದ್ವೀಪಕ್ಕೆ ಹೋದವು, ಅಲ್ಲಿಯೂ ಅದೇ ನಡೆಯಿತು. ಹುಲ್ಲು ಹಿಡಿದಿಟ್ಟಿದ್ದ ಮರಳು ಸಡಿಲವಾದರೆ ತಗ್ಗು ದ್ವೀಪದ ದಂಡೆ ಕೊರೆಯುವುದೂ ಸುಲಭ.

ಇದರಿಂದ ಆಮೆಯನ್ನು ದೂರಬೇಕಾಗಿಲ್ಲ. ಆಮೆಗಳನ್ನು ಹಿಡಿತದಲ್ಲಿಡುತ್ತಿದ್ದ ದೊಡ್ಡ ಶಾರ್ಕ್‌ಗಳನ್ನು ಕಡಲಿನಿಂದ ತೆಗೆದವರು ಮನುಷ್ಯರೇ. ನಾನು ಒತ್ತಿ ಹೇಳುವುದು ಬೇರೆ: ಒಂದು ಪ್ರಾಣಿ ಸುಲಭವಾಗಿ ಕಾಣುತ್ತದೆ ಎಂದರೆ ಆ ಕಡಲು ಕ್ಷೇಮವಾಗಿದೆ ಎಂದು ಅರ್ಥವಾಗುವುದಿಲ್ಲ. ಬಂಡೀಪುರದಲ್ಲಿ ಜಿಂಕೆ ಕಂಡವರು ಹುಲ್ಲನ್ನೂ ನೋಡುತ್ತಾರೆ, ಲಂಟಾನ ಎಷ್ಟು ಹಬ್ಬಿದೆ ಎಂದೂ ಗಮನಿಸುತ್ತಾರೆ. ಕಡಲಲ್ಲಿ ಆಮೆ ಕಂಡವರು ಅದರ ಕೆಳಗೆ ಹುಲ್ಲಿದೆಯೇ ಎಂದು ನೋಡಬೇಕು.

ಲಕ್ಷದ್ವೀಪದ ದಿಬ್ಬಗಳು ಇಷ್ಟಾದರೂ ಉಳಿದುಕೊಂಡದ್ದಕ್ಕೆ ಅಲ್ಲಿನ ಮೀನುಗಾರಿಕೆಯೇ ಒಂದು ಕಾರಣ. ಅಲ್ಲಿನ ಮೀನುಗಾರರು ಗಾಳದ ಕೋಲಿನಿಂದ ಒಂದೊಂದಾಗಿ ಹಿಡಿಯುವುದು ಹೊರಗಡಲ ಟ್ಯೂನಾ ಮೀನನ್ನು. ದಿಬ್ಬದ ಮೀನಿನ ಮೇಲೆ ಒತ್ತಡ ಬಹುಕಾಲ ಕಡಿಮೆಯಿತ್ತು. ಜನವಸತಿಯ ದ್ವೀಪಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಬಿತ್ರಾದ ಬಳಿ ವರ್ಷದ ಕೆಲವೇ ದಿನ ಚೌಕಬಾಲದ ಗ್ರೂಪರ್ ಮೀನುಗಳು ಸಾವಿರಗಟ್ಟಲೆ ಸೇರಿ ಮೊಟ್ಟೆಯಿಡುವ ಜಾತ್ರೆ ನಡೆಸುತ್ತಿದ್ದದ್ದನ್ನು ಸಂಶೋಧಕಿ ರುಚಾ ಕರ್ಕರೆ ಮತ್ತು ತಂಡ ದಾಖಲಿಸಿತು. ಈಚೆಗೆ ದಿಬ್ಬದ ಮೀನಿಗೆ ಹೊರಗಿನ ಮಾರುಕಟ್ಟೆ ಹುಟ್ಟಿದೆ. ದ್ವೀಪದ ಊಟದಲ್ಲಿ ಪ್ರವಾಸಿಗರು ಗ್ರೂಪರ್, ಗಿಳಿಮೀನು ಬೇಡವೆಂದು ಟ್ಯೂನಾ ಕೇಳಿದರೆ ಅದೂ ಒಂದು ಸಹಾಯ.

ಅಂಡಮಾನ್ ಬಗ್ಗೆ ಮೈಸೂರಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಧುಚಂದ್ರದ ಪ್ಯಾಕೇಜ್, ಸರ್ಕಾರಿ ನೌಕರರ ರಜಾ ಪ್ರಯಾಣ ರಿಯಾಯಿತಿ (ಎಲ್‌ಟಿಸಿ) ಎರಡೂ ಅಲ್ಲಿಗೇ ಮುಖಮಾಡಿವೆ. ಬಹುಪಾಲು ಜನ ಸ್ವರಾಜ್ ದ್ವೀಪದ ಎಲಿಫೆಂಟ್ ಬೀಚ್‌ನಲ್ಲಿ ಸಾಲಿನಲ್ಲಿ ನಿಂತು ನೀರಿಗಿಳಿಯುತ್ತಾರೆ. ಆ ಜಾಗದ ಹವಳ 2004ರ ಸುನಾಮಿ, 2010 ಮತ್ತು 2016ರ ಬಿಸಿ, ಆಮೇಲೆ ಸಾವಿರಾರು ಕಾಲುಗಳ ತುಳಿತ ಎಲ್ಲವನ್ನೂ ಉಂಡಿದೆ. ನನ್ನ ಅಭಿಪ್ರಾಯದಲ್ಲಿ ವಂಡೂರಿನ ಮಹಾತ್ಮ ಗಾಂಧಿ ಕಡಲ ರಾಷ್ಟ್ರೀಯ ಉದ್ಯಾನ ಇದಕ್ಕಿಂತ ಬಹಳ ಮೇಲು. 1983ರಲ್ಲಿ ಘೋಷಣೆಯಾದ ಈ ಉದ್ಯಾನದಲ್ಲಿ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳನ್ನು ಸರದಿಯ ಮೇಲೆ ತೆರೆಯುತ್ತಾರೆ. ಒಂದು ತೆರೆದಿದ್ದಾಗ ಇನ್ನೊಂದು ದಣಿವಾರಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ.

ಅಂಡಮಾನಿಗೆ ಹೋದವರು ಡ್ಯೂಗಾಂಗ್ ಕಾಣಬಹುದೇ ಎಂದು ಮಕ್ಕಳು ಕೇಳುವುದುಂಟು. ಅದು ಆ ದ್ವೀಪಗಳ ರಾಜ್ಯಪ್ರಾಣಿ. ಕಡಲಹುಲ್ಲು ಮೇಯುವ, ಹೆಣ್ಣು ಹಲವು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುವ ಸಾಧು ಜೀವಿ. ಇಡೀ ದೇಶದಲ್ಲಿ ಉಳಿದಿರುವುದು ಕೆಲವೇ ನೂರು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಎಲ್ರಿಕಾ ಡಿಸೋಜಾ ವರ್ಷಗಟ್ಟಲೆ ಅವುಗಳ ಜಾಡು ಹಿಡಿದರು. ಮೀನುಗಾರರು, ಮುಳುಗು ತರಬೇತುದಾರರು ಕೊಟ್ಟ ಮಾಹಿತಿಯೇ ಅವರ ಕೆಲಸಕ್ಕೆ ದೊಡ್ಡ ಆಸರೆಯಾಯಿತು. ಪ್ರವಾಸದಲ್ಲಿ ಅದು ಕಂಡರೆ ಮಹಾಭಾಗ್ಯ. ತೋರಿಸುತ್ತೇವೆ ಎಂದು ಹಣ ಕೇಳುವವರನ್ನು ನಂಬಬೇಡಿ.

ಆಮೆ ಮೊಟ್ಟೆಯಿಡುವುದನ್ನು ನೋಡುವ ಆಸೆ ಇದ್ದವರಿಗೆ ಉತ್ತರ ಅಂಡಮಾನಿನ ದಿಗ್ಲಿಪುರದ ಬಳಿಯ ಕಾಲಿಪುರ್ ದಂಡೆ ಇದೆ. ಕಡಲಾಮೆಗಳ ನಾಲ್ಕು ಜಾತಿಗಳು, ಆಲಿವ್ ರಿಡ್ಲೆ, ಹಸಿರಾಮೆ, ಹಾಕ್ಸ್‌ಬಿಲ್, ತೊಗಲುಬೆನ್ನಿನ ಲೆದರ್‌ಬ್ಯಾಕ್, ಒಂದೇ ದಂಡೆಗೆ ಬಂದ ದಾಖಲೆ ಅಲ್ಲಿದೆ. ಕಾಲ ಚಳಿಗಾಲ. ಅರಣ್ಯ ಇಲಾಖೆಯವರ ಜೊತೆ, ಬಿಳಿ ಟಾರ್ಚ್ ಇಲ್ಲದೆ, ಫ್ಲ್ಯಾಶ್ ಇಲ್ಲದೆ, ಆಮೆ ಗುಣಿ ತೋಡಿ ಮೊಟ್ಟೆ ಇಡತೊಡಗಿದ ಮೇಲಷ್ಟೇ ಹಿಂದಿನಿಂದ ನೋಡಬೇಕು. ಮುಂಚೆಯೇ ಬೆಳಕು ಬಿದ್ದರೆ ಅದು ಮೊಟ್ಟೆಯಿಡದೆ ಕಡಲಿಗೆ ಮರಳುತ್ತದೆ. ಪುಟ್ಟ ಅಂಡಮಾನಿನಲ್ಲಿ ಮೊಟ್ಟೆಯಿಟ್ಟ ಲೆದರ್‌ಬ್ಯಾಕ್‌ಗಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ಮತ್ತು ದಕ್ಷಿಣ್ ಫೌಂಡೇಶನ್ ಉಪಗ್ರಹ ಸಂಕೇತದ ಉಪಕರಣ ಅಂಟಿಸಿದಾಗ ಕೆಲವು ಆಸ್ಟ್ರೇಲಿಯಾದ ಕಡೆಗೆ, ಕೆಲವು ಆಫ್ರಿಕಾದ ಕರಾವಳಿಯವರೆಗೆ ಹೋದದ್ದು ತಿಳಿಯಿತು. ಇದೇ ಜಾತಿಯ ಆಮೆಗಳ ಮುಖ್ಯ ತಾಣವಾದ ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿಯ ವನ್ಯಧಾಮವನ್ನು 2021ರಲ್ಲಿ ಬಂದರಿಗಾಗಿ ರದ್ದು ಮಾಡಲಾಯಿತು. ದೇಶದ ಹೆಸರಿಗೆ ಇದು ಒಳ್ಳೆಯದಲ್ಲ.

ಆಮೆಗಾಗಿ ಅಷ್ಟು ದೂರ ಹೋಗಲೇಬೇಕೆಂದೂ ಇಲ್ಲ. ಹೊನ್ನಾವರದ ಕಾಸರಕೋಡು ಟೊಂಕದ ಮರಳಿಗೆ ಆಲಿವ್ ರಿಡ್ಲೆಗಳು ಪ್ರತಿ ಚಳಿಗಾಲ ಬರುತ್ತವೆ. ಗೂಡೊಂದರಲ್ಲಿ ನೂರರ ಆಸುಪಾಸು ಮೊಟ್ಟೆ, ಏಳೆಂಟು ವಾರದಲ್ಲಿ ಮರಿ. ಮೀನುಗಾರರೂ ಅರಣ್ಯ ಇಲಾಖೆಯೂ ಸೇರಿ ಗೂಡು ಕಾಯುತ್ತಾರೆ. ಹೊನ್ನಾವರ ತಾಲ್ಲೂಕಿನಲ್ಲೇ ಅಪ್ಸರಕೊಂಡ–ಮುಗಳಿ ಕಡಲ ವನ್ಯಧಾಮವೂ ಇದೆ. ಮರಿಗಳನ್ನು ಕಡಲಿಗೆ ಬಿಡುವ ದಿನ ಅಲ್ಲಿದ್ದರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಅಂಡಮಾನಿನ ಇನ್ನೊಂದು ಜೀವಿಯನ್ನು ಹೇಳದೆ ಹೋದರೆ ತಪ್ಪಾದೀತು: ಉಪ್ಪುನೀರಿನ ಮೊಸಳೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲಿ, ಅಂದರೆ ಇಂದಿನ ಸ್ವರಾಜ್ ದ್ವೀಪದಲ್ಲಿ, ವಿದೇಶಿ ಪ್ರವಾಸಿಯೊಬ್ಬರು ಇದಕ್ಕೆ ಬಲಿಯಾದರು. ಎಚ್ಚರಿಕೆಯ ಫಲಕ ಇರುವಲ್ಲಿ, ತೊರೆ ಬಂದು ಕಡಲು ಸೇರುವಲ್ಲಿ, ಕಾಂಡ್ಲಾ ಪೊದೆಗಳ ಅಂಚಿನಲ್ಲಿ ನೀರಿಗೆ ಇಳಿಯಬಾರದು.

ಹೊರದೇಶದ ತಾಣಗಳನ್ನು ಬೇಗ ದಾಟುತ್ತೇನೆ. ಶ್ರೀಲಂಕಾದ ಮಿರಿಸ್ಸಾದಿಂದ ನವೆಂಬರ್–ಏಪ್ರಿಲ್ ನಡುವೆ ಹೊರಡುವ ದೋಣಿಗಳು ನೀಲಿ ತಿಮಿಂಗಿಲ ತೋರಿಸುತ್ತವೆ. ಆ ತಿಮಿಂಗಿಲಗಳ ಬಗ್ಗೆ ಲೋಕಕ್ಕೆ ತಿಳಿಸಿದ ಆಶಾ ಡಿ ವೋಸ್ ಆ ದೇಶದವರೇ. ಅಲ್ಲಿಯೂ ದೋಣಿಗಳ ನೂಕುನುಗ್ಗಲೇ ಮುಖ್ಯ ತೊಂದರೆ. ಮಾಲ್ಡೀವ್ಸ್ ಮಾತ್ರ ಒಂದು ಪಾಠ ಹೇಳುತ್ತದೆ. ಬಾ ಹವಳದ್ವೀಪದ ಹನಿಫಾರು ಕೊಲ್ಲಿಗೆ ಮುಂಗಾರಿನ ತಿಂಗಳುಗಳಲ್ಲಿ ಮಾಂಟಾ ಎಂಬ ದೈತ್ಯ ತೊರಕೆ ಮೀನುಗಳು ಪ್ಲವಕ ತಿನ್ನಲು ಬರುತ್ತವೆ. ಅಲ್ಲಿ ಸ್ಕೂಬಾ ನಿಷೇಧಿಸಿ ಸ್ನಾರ್ಕೆಲಿಂಗಿಗೆ ಮಾತ್ರ, ಅದೂ ಮಿತಿಯೊಳಗೆ, ಅವಕಾಶ ಕೊಟ್ಟರು. ಆ ದೇಶ 2010ರಲ್ಲಿ ಶಾರ್ಕ್ ಬೇಟೆಯನ್ನೇ ನಿಲ್ಲಿಸಿತು, ಸತ್ತ ಶಾರ್ಕ್‌ಗಿಂತ ಜೀವಂತ ಶಾರ್ಕ್ ಹೆಚ್ಚು ಆದಾಯ ತರುತ್ತದೆಂಬ ಲೆಕ್ಕ ಹಾಕಿ. ಲೆಕ್ಕದಿಂದಾದರೂ ಸರಿ, ಶಾರ್ಕ್ ಉಳಿಯಿತು.

ಈಜು ಬಾರದವರ ಮಾತಿಗೆ ಬರುತ್ತೇನೆ, ಏಕೆಂದರೆ ನಮ್ಮಲ್ಲಿ ಬಹುಪಾಲು ಅವರೇ. ಕಡಲ ಜೀವಿಗಳನ್ನು ನೋಡಲು ಎಲ್ಲಕ್ಕಿಂತ ಒಳ್ಳೆಯ, ಎಲ್ಲಕ್ಕಿಂತ ಅಗ್ಗದ ದಾರಿ ಇಳಿತದ ಹೊತ್ತಿನಲ್ಲಿ ಬಂಡೆಗಳ ಮೇಲೆ ನಡೆಯುವುದು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಮುತ್ತ ಸೂರ್ಯಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಸೇರುವುದರಿಂದ ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. ಆ ದಿನಗಳಲ್ಲಿ ಇಳಿತದ ಸಮಯ ನೋಡಿಕೊಂಡು ಅಂಡಮಾನಿನ ಶಹೀದ್ ದ್ವೀಪದ ಲಕ್ಷ್ಮಣಪುರದ ಕಲ್ಲಿನ ಸೇತುವೆಯ ಬಳಿಗೋ, ನಮ್ಮ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಕ್ಕೋ, ಸೋಮೇಶ್ವರದ ಬಂಡೆಗಳಿಗೋ ಹೋಗಿ. ನೀರು ಹಿಂದೆ ಸರಿದಾಗ ಬಂಡೆಯ ಹೊಂಡಗಳಲ್ಲಿ ಕಡಲಸೌತೆ, ನಕ್ಷತ್ರಮೀನು, ಶಂಖದ ಮನೆ ಹೊತ್ತ ಸನ್ಯಾಸಿ ಏಡಿ, ಸೀ ಅನಿಮೋನ್, ಬಂಡೆಗೆ ಅಂಟಿಕೊಂಡ ಲಿಂಪೆಟ್ ಕಾಣಸಿಗುತ್ತವೆ. ಒಂದೇ ಹೊಂಡದ ಮುಂದೆ ಅರ್ಧ ಗಂಟೆ ಅಲುಗಾಡದೆ ಕುಳಿತರೆ ಮೊದಲು ಅಡಗಿದ್ದ ಸೀಗಡಿ ಹೊರಬರುತ್ತದೆ, ಕಲ್ಲೆಂದುಕೊಂಡದ್ದು ಮೀನಾಗಿ ಸರಿಯುತ್ತದೆ. ಕಬಿನಿಯಲ್ಲಿ ಕಾದವರಿಗೆ ಇದು ಹೊಸ ವಿದ್ಯೆಯಲ್ಲ. ತುಳಿಯುವಾಗ ಬರಿ ಬಂಡೆ ನೋಡಿ ಹೆಜ್ಜೆ ಇಡಿ, ಕಲ್ಲು ಮಗುಚಿದರೆ ಮತ್ತೆ ಮೊದಲಿನಂತೆಯೇ ಇಡಿ, ಉಬ್ಬರ ತಿರುಗುವ ಮೊದಲು ಹಿಂದಿರುಗಿ.

ಕಡಲಿನಿಂದ ಮನೆಗೆ ತರುವುದರ ಬಗ್ಗೆಯೂ ಹೇಳಬೇಕು. ಮೈಸೂರಿನ ಎಷ್ಟೋ ಮನೆಗಳ ಷೋಕೇಸಿನಲ್ಲಿ ಹವಳದ ತುಂಡು, ದೊಡ್ಡ ಶಂಖ ಇವೆ. ಹವಳವೂ ಕಡಲಸೌತೆಯೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಕಾನೂನಿನ ಕಣ್ಣಲ್ಲಿ ಹುಲಿಯ ಸಾಲಿನಲ್ಲೇ ನಿಂತಿವೆ. ಸತ್ತು ದಡಕ್ಕೆ ಬಿದ್ದ ಹವಳವನ್ನು ಚೀಲಕ್ಕೆ ಹಾಕಿಕೊಂಡರೂ ಅಪರಾಧವೇ. ಹಲವು ಜಾತಿಯ ಶಂಖ, ಕಪ್ಪೆಚಿಪ್ಪುಗಳಿಗೂ ಇದೇ ನಿಯಮ. ಖಾಲಿ ಶಂಖ ಕೂಡ ವ್ಯರ್ಥವಲ್ಲ, ನಾಳೆ ಅದು ಸನ್ಯಾಸಿ ಏಡಿಯ ಮನೆ. ನಾವು ಕಡಲಿಗೆ ಬಿಡುವುದರ ಬಗ್ಗೆಯೂ ಎಚ್ಚರ ಬೇಕು. ಮುಖಕ್ಕೆ ಹಚ್ಚುವ ಸನ್‌ಸ್ಕ್ರೀನಿನ ಆಕ್ಸಿಬೆಂಜೋನ್ ಹವಳದ ಮರಿಗಳಿಗೆ ವಿಷ ಎಂಬ ಕಾರಣಕ್ಕೆ ಅಮೆರಿಕದ ಹವಾಯಿ ರಾಜ್ಯವೂ ಪಲಾವ್ ದೇಶವೂ ಅದರ ಮಾರಾಟ ನಿಲ್ಲಿಸಿವೆ. ತುಂಬುತೋಳಿನ ಈಜುಡುಪು ತೊಟ್ಟರೆ ಕ್ರೀಮಿನ ಅಗತ್ಯವೇ ಕಡಿಮೆ. ಮೀನಿಗೆ ಬ್ರೆಡ್ಡು, ಬಿಸ್ಕತ್ತು ಹಾಕಿ ಕರೆಯುವ ಚಾಳಿಯನ್ನು ಮಾರ್ಗದರ್ಶಿಗಳೇ ಕಲಿಸುತ್ತಾರೆ, ಬೇಡವೆನ್ನಿ. ಪಾಚಿ ಮೇಯಬೇಕಾದ ಮೀನು ಬ್ರೆಡ್ಡಿಗೆ ಕಾದು ನಿಂತರೆ ಹವಳದ ಮೇಲಿನ ಪಾಚಿಯನ್ನು ತೆಗೆಯುವವರಿಲ್ಲ.

ಎಲ್ಲವನ್ನೂ ತೂಗಿ ನೋಡಿದ ಮೇಲೆ ನನ್ನ ತೀರ್ಪು ಹೀಗಿದೆ. ಐದು ದಿನದಲ್ಲಿ ಮೂರು ದ್ವೀಪ ಸುತ್ತಿಸುವ ಪ್ಯಾಕೇಜ್ ಕಡಲ ಜೀವಿಗಳನ್ನು ನೋಡಲು ತಕ್ಕುದಲ್ಲ. ಒಂದೇ ದ್ವೀಪದಲ್ಲಿ ನಾಲ್ಕು ದಿನ ಉಳಿದು, ಒಂದೇ ದಿಬ್ಬವನ್ನು ಬೆಳಗ್ಗೆ ಸಂಜೆ ನೋಡಿದವರು ಹೆಚ್ಚು ಕಾಣುತ್ತಾರೆ, ಕಡಿಮೆ ಹಾನಿ ಮಾಡುತ್ತಾರೆ. ಮೊದಲ ಸಲ ಹೋಗುವವರು ವಿಮಾನ ಹತ್ತುವ ಮೊದಲು ನಮ್ಮದೇ ಕರಾವಳಿಯಲ್ಲಿ ಎರಡು ಚಳಿಗಾಲ ಕಳೆಯುವುದು ಮೇಲು. ಇಳಿತದ ಹೊಂಡ, ಅಳಿವೆಯ ಡಾಲ್ಫಿನ್, ಟೊಂಕದ ಆಮೆ ನೋಡಿದ ಕಣ್ಣಿಗೆ ಅಂಡಮಾನ್ ಬೇರೆಯೇ ಆಗಿ ಕಾಣುತ್ತದೆ. ಹೋಗುವ ಮುನ್ನ ಹತ್ತು ಮೀನು, ಐದು ಹವಳ, ಎರಡು ಆಮೆಗಳ ಹೆಸರು ಕಲಿತುಕೊಳ್ಳಿ, ಮಕ್ಕಳಿಗೂ ಕಲಿಸಿ. ಬಂದ ಮೇಲೆ ಕಂಡದ್ದನ್ನು, ಕಂಡ ಜಾಗ ಮತ್ತು ದಿನದ ಸಮೇತ ಬರೆದಿಡಿ. ಬೆಳ್ಳಗಾದ ಹವಳ, ಬಲೆಗೆ ಸಿಕ್ಕ ಆಮೆ, ದಡಕ್ಕೆ ಬಿದ್ದ ಡಾಲ್ಫಿನ್ ಕಂಡರೆ ಅಲ್ಲಿನ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ.